ಪೂರ್ತಿ ಹೆಸರು

ನಿನ್ನೆ ಸಂಜೆ ಅಮೆರಿಕದ ಷಾರ್ಲೆಟ್ ನಗರದ ಹತ್ತಿರದ ಊರು ಕನ್ನಾಪೊಲಿಸ್‌ನಲ್ಲಿ ಬೇಸ್‌ಬಾಲ್ ನೋಡಿದೆವು. ಊರಿನ ಹೆಸರೇ ‘ಕನ್ನ’ ಎಂದು ಶುರುವಾಗುವಾಗ ಷಾರ್ಲೆಟ್‌ನ ಕನ್ನಡಿಗರಿಗೆ ಬೇರೆ ನೆಪ ಬೇಕೇ?

ಆಟ ಮುಗಿದ ಮೇಲೆ ಬೇಲಿಯ ಬಳಿ ಊರಿನ ತಂಡದ ಆಟಗಾರ, ಡೊಮಿನಿಕನ್ ಗಣರಾಜ್ಯದ ಹುಡುಗನೊಬ್ಬ ಮಗಳ ಚೆಂಡಿಗೆ ಸಹಿ ಹಾಕಿದ. ಸಹಿ ಎನ್ನಲೂ ಆಗದು. ಉತ್ತರಪತ್ರಿಕೆಯ ಮೇಲೆ ಬರೆಯುವಂತೆ, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆದ. ಕೊನೆಯ ಅಕ್ಷರಕ್ಕೆ ಕೆಂಪು ಹೊಲಿಗೆ ಅಡ್ಡ ಬಂತು. ಚೆಂಡು ತಿರುಗಿಸಿಕೊಂಡು ಅದನ್ನೂ ಬರೆದ.

ಇದು ಸಿಂಗಲ್-ಎ ತಂಡ, ಅಂದರೆ ವೃತ್ತಿಪರ ಬೇಸ್‌ಬಾಲ್‌ನ ಕೆಳಗಿನ ಮೆಟ್ಟಿಲು. ಹೈ-ಎ, ಡಬಲ್-ಎ, ಟ್ರಿಪಲ್-ಎ ದಾಟಿದರೆ ಅಗ್ರ ಲೀಗ್‌ನ ತಂಡ, ಶಿಕಾಗೋದ ವೈಟ್ ಸಾಕ್ಸ್. ಬಹುಪಾಲು ಹುಡುಗರು ದಾಟುವುದಿಲ್ಲ. ಈ ಮೆಟ್ಟಿಲಿನ ಕನಿಷ್ಠ ಸಂಬಳ ಮೊದಲು ವರ್ಷಕ್ಕೆ 11,000 ಡಾಲರ್ ಇತ್ತು. 2023ರಲ್ಲಿ ಆಟಗಾರರ ಸಂಘ ಜಗ್ಗಾಡಿ 26,200ಕ್ಕೆ ಏರಿಸಿತು.

ಮಗಳು ಹೆಸರನ್ನು ಗಟ್ಟಿಯಾಗಿ ಓದಿದಳು. ಅವನು ನಕ್ಕು ಉಚ್ಚಾರಣೆ ತಿದ್ದಿದ. ಎರಡು ಸಲ ಹೇಳಿಸಿದ. ಮೂರನೆಯ ಸಲ ಸರಿಯಾಯಿತು, ಆಮೇಲೇ ಚೆಂಡು ಕೊಟ್ಟ.

ಕಚೇರಿಯಲ್ಲಿ ನನ್ನ ಹೆಸರನ್ನು ತಿದ್ದುವುದನ್ನು ನಾನು ಬಿಟ್ಟು ಹನ್ನೊಂದು ವರ್ಷವಾಯಿತು.

ಚೆಂಡು ಈಗ ಟಿವಿಯ ಪಕ್ಕ ಇದೆ. ಹೆಸರು ಈ ಕಡೆ ಕಾಣುವಂತೆ ಇಟ್ಟಿದ್ದಾಳೆ.