ಲೈಪ್‌ಜಿಗ್‌ನ ಅಜ್ಜಿ ವೋಟು ಹಾಕೋದು ಯಾಕೆ ಬಿಟ್ಟರು

ಬರ್ಲಿನ್ ಗೋಡೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಒಂದು ತಿಂಗಳು ಮೊದಲು, 1989ರ ಅಕ್ಟೋಬರ್ 9ರ ಸೋಮವಾರ, ಆಗ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿದ್ದ, ನಾನಿರುವ ಈ ಲೈಪ್‌ಜಿಗ್‌ನಲ್ಲಿ ನಿಕೊಲಾಯ್ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದರು. ಚೀನಾದ ತಿಯಾನನ್ಮೆನ್‌ನಲ್ಲಿ ಪ್ರತಿಭಟನೆಕಾರರ ಮೇಲೆ ಗುಂಡು ಹಾರಿ ನಾಲ್ಕೇ ತಿಂಗಳಾಗಿತ್ತು. ಇಲ್ಲೂ ಹಾಗೇ ಆಗುತ್ತೆ ಅಂತ ಹೆದರಿಕೊಂಡೇ ಹೊರಟಿದ್ದರಂತೆ ನಮ್ಮ ಕೆಳಗಿನ ಮನೆಯ ಅಜ್ಜಿ. ಗುಂಡು ಹಾರಲಿಲ್ಲ.

ಅಜ್ಜಿ ನೂಲಿನ ಗಿರಣಿಯಲ್ಲಿದ್ದವರು. ಅವರ ಹತ್ತಿರ ಒಂದು ಪುಟ್ಟ ಹಸಿರು ಪುಸ್ತಕ ಇದೆ. ಎಲ್ಲಿ ಕೆಲಸ, ವರ್ಷಕ್ಕೆ ಎಷ್ಟು ಸಂಬಳ ಅಂತ ಬರೆದು ಸೀಲು ಹಾಕಿದ್ದಾರೆ. ಸಾಲು ಸಾಲಾಗಿ ಅದೇ ಗಿರಣಿ. 1990ರ ಆಚೆ ಪುಟಗಳೆಲ್ಲ ಖಾಲಿ.

1990ರ ಮಾರ್ಚ್‌ನಲ್ಲಿ ಪೂರ್ವ ಜರ್ಮನಿಯಲ್ಲಿ ಮೊದಲ ಮುಕ್ತ ಚುನಾವಣೆ ನಡೆದಾಗ ನೂರಕ್ಕೆ 93 ಜನ ವೋಟು ಹಾಕಿದ್ದರು, ಅಜ್ಜಿಯೂ ಹಾಕಿದ್ದರು. ಜುಲೈ 1ಕ್ಕೆ ಪಶ್ಚಿಮ ಜರ್ಮನಿಯ ದುಡ್ಡು, ಮಾರ್ಕ್, ಬಂತು. ಕಾರ್ಖಾನೆಗಳು ರಾತ್ರೋರಾತ್ರಿ ಆ ದುಬಾರಿ ದುಡ್ಡಲ್ಲೇ ಸಂಬಳ ಕೊಡಬೇಕಾಯಿತು, ಅವುಗಳ ಮಾಲು ಕೊಳ್ಳುತ್ತಿದ್ದ ಪೂರ್ವ ಯುರೋಪಿನ ದೇಶಗಳ ಹತ್ತಿರ ಅಷ್ಟು ದುಡ್ಡಿರಲಿಲ್ಲ, ಇಲ್ಲಿಯ ಜನರೂ ಪಶ್ಚಿಮದ ಸಾಮಾನಿಗೇ ಮುಗಿಬಿದ್ದರು. ಟ್ರಾಯ್‌ಹಾಂಡ್ ಅನ್ನೋ ಸಂಸ್ಥೆ ಸಾವಿರಾರು ಸರ್ಕಾರಿ ಕಂಪನಿಗಳನ್ನು 1994ರ ಹೊತ್ತಿಗೆ ಮಾರಿತು, ಇಲ್ಲವೇ ಮುಚ್ಚಿತು.

‘ಮಾತಾಡೋ ಹಕ್ಕು ಬಂತು, ಆದರೆ ನಮ್ಮ ಗಿರಣಿ ಬಗ್ಗೆ ನಮ್ಮನ್ನೇ ಯಾರೂ ಕೇಳಲಿಲ್ಲ’ ಅಂತಾರೆ ಅಜ್ಜಿ. ಕೆಲವು ಚುನಾವಣೆ ಆದ ಮೇಲೆ ಮತಗಟ್ಟೆಗೆ ಹೋಗೋದನ್ನೇ ಬಿಟ್ಟರು. ದಾವಣಗೆರೆಯಲ್ಲಿ ಕಾಟನ್ ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನೋಡಿದ ನನಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತೆ.

ಪೂರ್ವದವರಿಗೆ ಪ್ರಜಾಪ್ರಭುತ್ವ ಅಂದರೇನು ಅಂತಲೇ ಗೊತ್ತಿಲ್ಲ ಅಂತ ಪಶ್ಚಿಮದವರು ಹೇಳೋದನ್ನು ಕೇಳಿದ್ದೇನೆ. ನಾನಂತೂ ಒಪ್ಪಲ್ಲ. ಜೀವ ಕೈಯಲ್ಲಿ ಹಿಡಿದು ಅದನ್ನು ತಂದವರೇ ಇವರಲ್ವಾ? ಅಜ್ಜಿಗೆ ಹಳೇ ಕಾಲವೂ ಬೇಡ. ಸ್ಟಾಜಿ, ಅಂದರೆ ಗುಪ್ತ ಪೊಲೀಸರು, ತಮ್ಮ ಮೇಲೆ ಇಟ್ಟಿದ್ದ ಕಡತವನ್ನು ಆಮೇಲೆ ತರಿಸಿ ಓದಿದಾಗ, ಜೊತೆಗೇ ಊಟ ಮಾಡುತ್ತಿದ್ದ ಗೆಳತಿಯೇ ವರದಿ ಕೊಡುತ್ತಿದ್ದಳು ಅಂತ ತಿಳಿಯಿತಂತೆ. ಅದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತೆ.

ಅವರಿಗೆ ನಿಜವಾಗಿ ಸಿಟ್ಟು ಬರೋದು ಬೇರೆ ವಿಷಯಕ್ಕೆ. 1989ರಲ್ಲಿ ಕೂಗಿದ ‘ಜನ ಅಂದರೆ ನಾವೇ’ ಅನ್ನೋ ಘೋಷಣೆಯನ್ನು 2014ರಿಂದ ಡ್ರೆಸ್ಡೆನ್‌ನಲ್ಲಿ ವಲಸಿಗರ ವಿರುದ್ಧದ ಮೆರವಣಿಗೆಯವರು ಎತ್ತಿಕೊಂಡರು. 2024ರಲ್ಲಿ ಪಕ್ಕದ ಥುರಿಂಗಿಯಾ ರಾಜ್ಯದಲ್ಲಿ ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಮೊದಲ ಸ್ಥಾನಕ್ಕೆ ಬಂದಾಗ ಅಜ್ಜಿ ನಮ್ಮನೆ ಬಾಗಿಲು ತಟ್ಟಿ, ‘ನಾವು ನಡೆದದ್ದು ನಿಮ್ಮಂಥವರನ್ನು ಓಡಿಸೋಕಲ್ಲ’ ಅಂದರು.