ಭೂಮಿಯೊಳಗಿನ ಸಮುದ್ರಕ್ಕೆ ಬೋರ್ ಹಾಕಬಹುದಾ?

"ಸರ್, ನೆಲದೊಳಗೆ ದೊಡ್ಡ ಸಮುದ್ರನೇ ಇದೆಯಂತಲ್ಲ. ಇನ್ನೂ ಆಳಕ್ಕೆ ಬೋರ್ ಹೊಡೆಸಿದರೆ ನೀರು ಬೀಳಬೇಕಲ್ವಾ?"

ಲಿಂಗಸುಗೂರಿನ ಕಡೆ ಬೇಸಿಗೆ ಬಂತೆಂದರೆ ಭೂವಿಜ್ಞಾನ ಓದಿದ ತಪ್ಪಿಗೆ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಆ ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ನೀರು ಬೀಳಲ್ಲ.

ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ ಒಂದು ಮಂಕು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಚೂರು ಇತ್ತು. ಈ ಸಂಗತಿ ಹೊರಬಂದದ್ದು 2014ರಲ್ಲಿ. ಈ ಖನಿಜ ಹುಟ್ಟುವುದೇ ಐನೂರು ಕಿಲೋಮೀಟರ್‌ಗೂ ಕೆಳಗೆ. ಆ ಚೂರಿನ ತೂಕದಲ್ಲಿ ಸುಮಾರು ಶೇ. 1.5 ನೀರು. ಅಷ್ಟು ಆಳದ ಕಲ್ಲೆಲ್ಲ ಹೀಗೇ ಇದ್ದರೆ ಒಟ್ಟು ನೀರು ಸಮುದ್ರದಷ್ಟಾಗುತ್ತದೆ, ಲೆಕ್ಕ ಅಷ್ಟೇ. ಅಲ್ಲಿ ಹರಿಯುವುದು, ತುಂಬಿ ನಿಲ್ಲುವುದು ಯಾವುದೂ ಇಲ್ಲ. ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದ್ದು. ಅದೇ 12 ಕಿಲೋಮೀಟರ್ ದಾಟುವಷ್ಟರಲ್ಲಿ 180 ಡಿಗ್ರಿ ಶಾಖಕ್ಕೆ ಸುಸ್ತಾಯಿತು.

ಕಲ್ಲಿನೊಳಗೆ ನೀರು ಹೇಗಿರುತ್ತದೆ ಎಂದು ನೋಡಲು ಬ್ರೆಜಿಲ್‌ಗೆ ಹೋಗಬೇಕಿಲ್ಲ. ನಮ್ಮ ಹಟ್ಟಿಯ ಕಡೆಯ ಕಪ್ಪು ಕಲ್ಲು ಒಡೆದು ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಹೊಳೆಯುವುದು ಬಯೋಟೈಟ್, ಕಪ್ಪು ಅಭ್ರಕ. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಏಳುತ್ತದೆ. ಅದರ ತೂಕದಲ್ಲಿ ನೂರಕ್ಕೆ ಮೂರು-ನಾಲ್ಕು ಪಾಲು ನೀರೇ! ರಿಂಗ್‌ವುಡೈಟ್‌ಗಿಂತ ಜಾಸ್ತಿ. ಆದರೆ ಎಷ್ಟು ಕುಟ್ಟಿದರೂ ಒಂದು ಹನಿ ಜಿನುಗಲ್ಲ. ಹೈಡ್ರೋಜನ್ ಅಲ್ಲಿ ಆಮ್ಲಜನಕಕ್ಕೆ ಅಂಟಿಕೊಂಡು ಹರಳಿನ ಚೌಕಟ್ಟಿನಲ್ಲೇ ಸೇರಿಹೋಗಿರುತ್ತದೆ. ಲ್ಯಾಬ್‌ನಲ್ಲಿ ಸಾವಿರ ಡಿಗ್ರಿ ದಾಟಿಸಿ ಕಾಯಿಸಿ ಹೊರಗೆ ತೆಗೆಯುತ್ತಾರೆ.

ಹಾಗೆ ತೆಗೆದದ್ದನ್ನು ತೂಗುವುದೇ ನನಗೆ ಇಷ್ಟವಾದ ಭಾಗ. ಹೈಡ್ರೋಜನ್‌ನಲ್ಲಿ ಒಂದು ಭಾರದ ಜಾತಿ ಇದೆ, ಡ್ಯುಟೀರಿಯಂ. 1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಯೂರಿ ಪತ್ತೆ ಮಾಡಿದ್ದು. ನೀರು ಎಲ್ಲಿಂದ ಬಂತು ಎಂಬುದಕ್ಕೆ ಇದರ ಪ್ರಮಾಣವೇ ಸುಳಿವು. ಸಮುದ್ರದ ನೀರಿನಲ್ಲಿ ಹತ್ತು ಲಕ್ಷ ಹೈಡ್ರೋಜನ್‌ಗೆ ಇಂಥವು ಸುಮಾರು 156. ರೊಸೆಟ್ಟಾ ನೌಕೆ 2014ರಲ್ಲಿ 67ಪಿ ಧೂಮಕೇತುವಿನ ಆವಿಯನ್ನು ಅಳೆದಾಗ ಅದರ ಮೂರು ಪಟ್ಟಿಗೂ ಹೆಚ್ಚು ಬಂತು. ಅಂದರೆ ನಮ್ಮ ಸಮುದ್ರ ತುಂಬಿದ್ದು ಅಂಥ ಧೂಮಕೇತುಗಳಿಂದ ಅಲ್ಲದಿರಬಹುದು. ಇಂಗಾಲ ಹೆಚ್ಚಿರುವ ಕೆಲವು ಉಲ್ಕೆಗಳ ಲೆಕ್ಕ ಸಮುದ್ರಕ್ಕೆ ಹತ್ತಿರ ಬರುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಬಹಳ ಆಳದಿಂದ ಉಕ್ಕಿದ ಲಾವಾದಲ್ಲಿ ಮಾತ್ರ ಡ್ಯುಟೀರಿಯಂ ಸಮುದ್ರಕ್ಕಿಂತ ಐದನೇ ಒಂದು ಪಾಲಿಗೂ ಮಿಕ್ಕಿ ಕಡಿಮೆ ಇತ್ತು. ಸೂರ್ಯ ಹುಟ್ಟಿದ ಮೋಡದ ನೀರೇ ಭೂಮಿಯ ಹೊಟ್ಟೆಯಲ್ಲಿ ಉಳಿದಿರಬಹುದು ಎಂದು 2015ರಲ್ಲಿ ಆ ಲಾವಾ ಅಳೆದ ವಿಜ್ಞಾನಿಗಳ ತಂಡ ವಾದಿಸಿತು. ವಾದ ಇನ್ನೂ ಮುಗಿದಿಲ್ಲ. ನನಗಂತೂ ಒಪ್ಪಿಗೆ.

ಈಗ ನಮ್ಮ ಬೋರಿಗೆ ಬನ್ನಿ. ಅದರಲ್ಲಿ ಬರುವುದು ಮೇಲಿಂದ ಇಂಗಿದ ಮಳೆನೀರು, ಅದಕ್ಕೂ ಇದೇ ಪರೀಕ್ಷೆ. ಕೆರೆಯಲ್ಲಿ ಬಿಸಿಲಿಗೆ ಹಗುರ ನೀರು ಮೊದಲು ಆವಿಯಾಗುತ್ತದೆ, ಭಾರದ್ದು ಉಳಿಯುತ್ತದೆ. ಹಾಗಾಗಿ ಬೋರಿನ ನೀರು ನೇರ ಮಳೆಯದ್ದೋ ಕೆರೆಯಿಂದ ಬಸಿದದ್ದೋ ಎಂದು ಹೇಳಬಹುದು. ನಮ್ಮ ಗ್ರಾನೈಟ್ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಆರುನೂರು ಅಡಿಗೆ ಬರೀ ಪುಡಿ ಹಾರುತ್ತಿದ್ದರೆ, ಸಾವಿರಕ್ಕೆ ಸಾಮಾನ್ಯವಾಗಿ ಇನ್ನಷ್ಟು ಪುಡಿ, ಜೊತೆಗೆ ರಿಗ್‌ನವನ ಬಿಲ್ಲು.