ಲೂಯಿಸ್ ಪ್ರಾರ್ಥನೆ ಬಗ್ಗೆ ಬರೆದದ್ದು: ಆರಿಸಿದ್ದನ್ನು ಓದಿದರೆ ಸಾಕಾ?

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಪುಸ್ತಕದ ಮೇಜಿನ ಹತ್ತಿರ ನಾನು ನಿಂತಿರುತ್ತೇನೆ. ಅಲ್ಲಿ ಇಂಗ್ಲಿಷಿನ ಕ್ರೈಸ್ತ ಲೇಖಕ ಲೂಯಿಸ್ ಬಗ್ಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಸಿ.ಎಸ್. ಲೂಯಿಸ್ ಪ್ರಾರ್ಥನೆ ಬಗ್ಗೆ ಬರೆದದ್ದನ್ನ ಆರಿಸಿ ಒಂದೇ ಪುಸ್ತಕ ಮಾಡಿದ್ದಾರಲ್ಲ, ಅದನ್ನ ಓದಿದ್ರೆ ಸಾಕಲ್ವಾ?" ಇನ್ನು ಕೆಲವರದು ಇದರ ಉಲ್ಟಾ. "ಅಲ್ಲಿ ಇಲ್ಲಿ ಕತ್ತರಿಸಿ ಅಂಟಿಸಿದ ಪುಸ್ತಕ, ಸುಮ್ನೆ ದುಡ್ಡು ದಂಡ ಅಲ್ವಾ?"

ದಂಡ ಅಲ್ಲ, ತಗೊಳ್ಳಿ. ಆದರೆ ಪ್ರತಿ ಬರಹ ಯಾವ ಪುಸ್ತಕದ್ದು, ಯಾವ ವರ್ಷದ್ದು ಅಂತ ಕೊಟ್ಟಿದ್ದಾರಾ ನೋಡಿ ತಗೊಳ್ಳಿ.

ಪ್ರಾರ್ಥನೆ ಬಗ್ಗೆ ಲೂಯಿಸ್ ಬರೆದದ್ದು ಒಂದೇ ಕಡೆ ಇಲ್ಲ. ಪತ್ರಿಕೆಯ ಲೇಖನಗಳಲ್ಲಿದೆ, ಆತ್ಮಕಥೆಯಲ್ಲಿದೆ, ಬೈಬಲಿನ ಕೀರ್ತನೆಗಳ ಮೇಲೆ ಬರೆದ ಪುಸ್ತಕದಲ್ಲಿದೆ. ಅವರ ಪತ್ರಗಳೇ ಮೂರು ದಪ್ಪ ಸಂಪುಟ. ಕೆಲಸ, ಮನೆ, ಮಕ್ಕಳು ಅಂತ ಓಡಾಡುವವರು ಇಷ್ಟನ್ನೆಲ್ಲ ಹುಡುಕಿ ಓದುವುದು ಯಾವಾಗ? ಆದರೆ ಹುಡುಕಾಟ ತಪ್ಪುತ್ತದೆ ಅನ್ನುವುದು ಸಣ್ಣ ಲಾಭ. ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ ಮಾತ್ರ ಕಾಣುವ ಒಂದು ಸಂಗತಿ ಇದೆ.

1908ರಲ್ಲಿ ಲೂಯಿಸ್ ತಾಯಿಗೆ ಕ್ಯಾನ್ಸರ್. ಹುಡುಗನಿಗೆ ಒಂಬತ್ತು ವರ್ಷ. ನಂಬಿ ಬೇಡಿದರೆ ದೇವರು ಕೊಡುತ್ತಾನೆ ಅಂತ ಹೇಳಿಕೊಟ್ಟಿದ್ದರು. ಬೇಡಿದ. ತಾಯಿ ತೀರಿಹೋದರು. ಆಮೇಲೂ ಪವಾಡ ಆಗುತ್ತದೆ ಅಂತ ಕಾದ. ಇದನ್ನು ಅವರು 1955ರ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅದಕ್ಕೂ ಎರಡು ವರ್ಷ ಮೊದಲು, 1953ರಲ್ಲಿ, ಆಕ್ಸ್‌ಫರ್ಡಿನ ಪಾದ್ರಿಗಳ ಮುಂದೆ ಒಂದು ಪ್ರಬಂಧ ಓದಿದ್ದರು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ದೇವರಿಗೆ "ನಿನ್ನ ಚಿತ್ತದಂತೆ ಆಗಲಿ" ಅನ್ನುತ್ತಾನೆ. ಬೈಬಲಿನ ಮಾರ್ಕ 11:24ರಲ್ಲಿ ಅದೇ ಯೇಸು, ಬೇಡಿದ್ದು ಸಿಕ್ಕಿತೆಂದೇ ನಂಬಿ ಅನ್ನುತ್ತಾನೆ. ಒಬ್ಬ ಮನುಷ್ಯ ಈ ಎರಡನ್ನೂ ಒಂದೇ ಹೊತ್ತಿಗೆ ಹೇಗೆ ಮಾಡುವುದು? ಲೂಯಿಸ್ ಉತ್ತರ ಕೊಡಲಿಲ್ಲ. ಈ ರಾತ್ರಿ ನಾನು ಹೇಗೆ ಪ್ರಾರ್ಥಿಸಲಿ ಅಂತ ಪಾದ್ರಿಗಳನ್ನೇ ಕೇಳಿದರು. ನಮ್ಮ ಪ್ರಾರ್ಥನಾ ಕೂಟದಲ್ಲಿ ಇದನ್ನು ಓದಿದ ದಿನ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.

1959ರ ಲೇಖನ ಇನ್ನೊಂದು. ತೊಡೆಯ ಮೂಳೆಯನ್ನು ಕ್ಯಾನ್ಸರ್ ತಿಂದುಹಾಕಿದ್ದ ಒಬ್ಬ ಹೆಂಗಸು. ಹಾಸಿಗೆಯಲ್ಲಿ ಹೊರಳಿಸಲು ಮೂರು ಜನ ಬೇಕು. ಒಬ್ಬ ಒಳ್ಳೆಯ ಮನುಷ್ಯ ಆಕೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ವರ್ಷ ಕಳೆಯುವಷ್ಟರಲ್ಲಿ ಆಕೆ ಕಾಡಿನ ಏರುದಾರಿಯಲ್ಲಿ ನಡೆಯುತ್ತಿದ್ದಳು. ಆಕೆ ತನ್ನ ಹೆಂಡತಿ ಜಾಯ್ ಅಂತ ಲೂಯಿಸ್ ಅಲ್ಲಿ ಹೇಳುವುದಿಲ್ಲ. ಪ್ರಾರ್ಥನೆಯಿಂದಲೇ ವಾಸಿಯಾಯಿತು ಅಂತ ಸಾಧಿಸುವುದೂ ಇಲ್ಲ. 1960ರ ಜುಲೈಯಲ್ಲಿ ಜಾಯ್ ತೀರಿಕೊಂಡರು. 1961ರಲ್ಲಿ ಬೇರೆ ಹೆಸರಿಟ್ಟುಕೊಂಡು ಲೂಯಿಸ್ ಒಂದು ತೆಳ್ಳಗಿನ ಪುಸ್ತಕ ತಂದರು. ಅದರಲ್ಲಿ ದೇವರ ಬಾಗಿಲು ಮುಖದ ಮೇಲೇ ಮುಚ್ಚುತ್ತದೆ. ಒಳಗಿನಿಂದ ಚಿಲಕದ ಮೇಲೆ ಚಿಲಕ ಹಾಕಿಕೊಳ್ಳುವ ಸದ್ದು ಕೇಳುತ್ತದೆ.

ಇವು ನಾಲ್ಕು ಬೇರೆ ಬೇರೆ ಪುಸ್ತಕಗಳಲ್ಲಿದ್ದರೆ ನಾಲ್ಕು ಬರಹ. ಒಂದೇ ಕಡೆ ಬಂದರೆ ಒಬ್ಬ ಮನುಷ್ಯ ದೇವರ ಜೊತೆ ಇಡೀ ಬದುಕು ನಡೆಸಿದ ಮಾತು. ವರ್ಷ ತೆಗೆದುಬಿಡಿ, 1959 ಮತ್ತು 1961 ಒಂದಕ್ಕೊಂದು ತಾಳೆಯಾಗದ ಎರಡು ಅಭಿಪ್ರಾಯ ಆಗಿಬಿಡುತ್ತವೆ. ಅದಕ್ಕೇ ನಾನು ವರ್ಷ ವರ್ಷ ಅಂತ ಹಟ ಹಿಡಿಯುವುದು.

ಮೂಲ ಪುಸ್ತಕದ ಹೆಸರು ಇಲ್ಲದಿದ್ದರೆ ಇನ್ನೂ ಕಷ್ಟ. 1942ರ 'ಸ್ಕ್ರೂಟೇಪ್ ಲೆಟರ್ಸ್' ಒಬ್ಬ ಹಿರಿಯ ಪಿಶಾಚಿ ಒಬ್ಬ ಕಿರಿಯ ಪಿಶಾಚಿಗೆ ಬರೆಯುವ ಪತ್ರಗಳು. ಅಲ್ಲಿ 'ಶತ್ರು' ಅಂದರೆ ದೇವರು! ಮನುಷ್ಯನನ್ನು ನಿಜವಾದ ಪ್ರಾರ್ಥನೆಯಿಂದ ದೂರ ಇಡುವುದು ಹೇಗೆ ಅಂತ ಆ ಪಿಶಾಚಿ ಪಾಠ ಹೇಳಿಕೊಡುತ್ತದೆ. ಅದರ ಒಂದು ಸಾಲನ್ನು ಲೂಯಿಸ್ ಅವರದೇ ಬುದ್ಧಿಮಾತು ಅಂತ ವಾಟ್ಸಾಪಿನಲ್ಲಿ ಹಂಚಿದ್ದನ್ನು ನಾನೇ ನೋಡಿದ್ದೇನೆ. ಹಂಚಿದವರ ಮನಸ್ಸು ಒಳ್ಳೆಯದೇ. ಅವರ ಕೈಗೆ ಬಂದದ್ದು ಬರೀ ಸಾಲು, ಅಷ್ಟೇ.

ಆರಿಸಿ ಕೊಡುವುದು ಕೀಳು ಕೆಲಸ ಅನ್ನುವವರಿಗೆ ಇನ್ನೊಂದು ಮಾತು. ಲೂಯಿಸ್ ಸ್ವತಃ ಈ ಕೆಲಸ ಮಾಡಿದ್ದಾರೆ. ತಾನು ಗುರು ಅಂತ ಕರೆದ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ ಬರಹಗಳಿಂದ 365 ತುಣುಕುಗಳನ್ನು ಆರಿಸಿ 1946ರಲ್ಲಿ ಪುಸ್ತಕ ಮಾಡಿದರು. ಬಹುಪಾಲು ತಗೊಂಡದ್ದು ಅವರ ಧರ್ಮೋಪದೇಶಗಳಿಂದ. ಗುರುವಿನ ಸಾಹಿತ್ಯದ ಹೆಸರು ಉಳಿಸಲು ಅಲ್ಲ, ಅವರ ಬೋಧನೆ ಜನಕ್ಕೆ ಮುಟ್ಟಲಿ ಅಂತ.

ಹೋದ ವರ್ಷ ನಮ್ಮ ಸಭೆಯ ಒಬ್ಬ ಅಕ್ಕ ಗಂಡನನ್ನು ಕಳೆದುಕೊಂಡರು. "ಪ್ರಾರ್ಥನೆಗೆ ಕೂತ್ರೆ ಬಾಯಿಗೆ ಮಾತೇ ಬರಲ್ಲ" ಅಂದರು. ಅವರಿಗೆ ಇಡೀ ಪುಸ್ತಕ ಕೊಡಲು ನನಗೆ ಮನಸ್ಸಾಗಲಿಲ್ಲ. ಆರಿಸಿದ ಕೆಲವು ಪುಟಗಳನ್ನು ಕೊಟ್ಟೆ, ಮೇಲೆ ಪೆನ್ಸಿಲಿನಲ್ಲಿ ವರ್ಷ ಬರೆದು. ವಾಸಿಯಾದ ಹೆಂಗಸಿನ ಪುಟವನ್ನು ಅವರು ಓದದೆ ವಾಪಸ್ ಕೊಟ್ಟರು. ಉಳಿದದ್ದನ್ನು ಇಟ್ಟುಕೊಂಡರು. ಎರಡು ವಾರ ಬಿಟ್ಟು ಮೇಜಿನ ಹತ್ತಿರ ಬಂದು, "ತಮ್ಮಾ, ಆ ಬಾಗಿಲಿನ ಪುಸ್ತಕ ಪೂರ್ತಿ ತರಿಸಿಕೊಡು" ಅಂದರು.